ಕಾಲೇಜಿನ ಹೊಸ್ತಿಲು: ಶಹಾಪುರ ಸೀಮೆಯ ವಿದ್ಯಾರ್ಥಿಗಳು ನಡೆದು ಬಂದ ದಾರಿ

ಮುಂಗಾರಿನ ಮೊದಲ ಮೋಡಗಳು ಶಹಾಪುರದ ಬೆಟ್ಟದ ಮೇಲೆ ಕಾಣಿಸಿಕೊಳ್ಳುವ ದಿನಗಳಲ್ಲಿ ಗುರುಮನೆಯ ಜಗುಲಿಗೆ ತರುಣ ತರುಣಿಯರು ಬರತೊಡಗುತ್ತಾರೆ. ಅವರ ಕೈಯಲ್ಲಿ ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳ ಕಟ್ಟು ಇರುತ್ತದೆ. ನಮ್ಮ ಧರ್ಮಕೇಂದ್ರದವರೂ ಬರುತ್ತಾರೆ, ಅನ್ಯ ಮತದವರೂ ಬರುತ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ: “ಫಾದರ್, ಎಲ್ಲಿ ಸೀಟು ಸಿಗ್ತದ್ರಿ?”

ಶತಮಾನೋತ್ಸವದ ಸಂಚಿಕೆಯಲ್ಲಿ ಕಾಲೇಜು ಪ್ರವೇಶದ ಕಥೆಗೇನು ಸ್ಥಾನವೆಂದು ವಾಚಕರು ಕೇಳಬಹುದು. ನೂರು ವರ್ಷಗಳಲ್ಲಿ ಒಂದು ಸೀಮೆಯ ಜನ ಎಷ್ಟು ಮುಂದೆ ಬಂದರೆಂಬುದನ್ನು ಅಳೆಯಲು ಹಲವು ಅಳತೆಗೋಲುಗಳುಂಟು. ಬಡವನ ಮಗ ಅಥವಾ ಮಗಳು ವಿದ್ಯಾಲಯದ ಬಾಗಿಲನ್ನು ತಲುಪಲು ಎಷ್ಟು ಹೊಸ್ತಿಲುಗಳನ್ನು ದಾಟಬೇಕಾಗಿತ್ತು, ಈಗ ಎಷ್ಟು ಉಳಿದಿವೆ ಎಂಬುದು ಅವುಗಳಲ್ಲಿ ಒಂದು. ನಮ್ಮ ಸೀಮೆಯ ಚರಿತ್ರೆಯನ್ನು ಪರಿಶೀಲಿಸಿದರೆ ಅಂತಹ ಮೂರು ಹೊಸ್ತಿಲುಗಳು ಸ್ಪಷ್ಟವಾಗಿ ಕಾಣುತ್ತವೆ: ಭಾಷೆ, ದೂರ ಮತ್ತು ಅನ್ನ. ಇವು ತಾವಾಗಿ ಸವೆದುಹೋದವುಗಳಲ್ಲ. ಒಂದೊಂದನ್ನೂ ಯಾರೋ ಶ್ರಮಪಟ್ಟು ತಗ್ಗಿಸಿದ್ದಾರೆ. ನಾಲ್ಕನೆಯದೊಂದು ಇನ್ನೂ ಉಳಿದಿದೆ. ಅದನ್ನು ಕುರಿತು ಕೊನೆಯಲ್ಲಿ ಹೇಳುವೆನು.

ಭಾಷೆಯ ಹೊಸ್ತಿಲು

ಸುರಪುರ ಸಂಸ್ಥಾನದ ಅರಸು ರಾಜಾ ವೆಂಕಟಪ್ಪನಾಯಕನು 1858ರಲ್ಲಿ ತೀರಿಕೊಂಡ ಮೇಲೆ, 1860ರಲ್ಲಿ ಆ ಪ್ರದೇಶವು ಹೈದರಾಬಾದಿನ ನಿಜಾಮರ ಆಡಳಿತಕ್ಕೆ ಸೇರಿತು. ಅಂದಿನಿಂದ 1948ರವರೆಗೆ ಭೀಮಾ ಕೃಷ್ಣೆಯರ ನಡುವಿನ ಈ ನಾಡಿನ ಸರ್ಕಾರಿ ವ್ಯವಹಾರಗಳ ಕೇಂದ್ರ ಹೈದರಾಬಾದು. ಉನ್ನತ ವಿದ್ಯೆಗೂ ಅದೇ ಗತಿ.

ಹೈದರಾಬಾದಿನಲ್ಲಿ 1887ರಲ್ಲಿ ಸ್ಥಾಪನೆಯಾದ ನಿಜಾಮ್ ಕಾಲೇಜು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಅಲ್ಲಿ ಬೋಧನೆ ಇಂಗ್ಲಿಷಿನಲ್ಲಿ. 1917ರಲ್ಲಿ ನಿಜಾಮರು ಹೊರಡಿಸಿದ ಫರ್ಮಾನಿನಂತೆ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ರೂಪುಗೊಂಡು, 1919ರಲ್ಲಿ ಅದರ ಕಾಲೇಜು ತರಗತಿಗಳು ಆರಂಭವಾದವು. ಆ ವಿಶ್ವವಿದ್ಯಾನಿಲಯದ ವೈಶಿಷ್ಟ್ಯವೆಂದರೆ ಶಿಕ್ಷಣ ಮಾಧ್ಯಮ. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಸಾಧ್ಯವೆಂದು ತೋರಿಸಲು ಉರ್ದುವನ್ನು ಮಾಧ್ಯಮವನ್ನಾಗಿ ಮಾಡಿ, ಇಂಗ್ಲಿಷನ್ನು ಕಡ್ಡಾಯದ ಎರಡನೆಯ ಭಾಷೆಯಾಗಿ ಇರಿಸಲಾಯಿತು. ಪಠ್ಯಗ್ರಂಥಗಳನ್ನು ಉರ್ದುವಿಗೆ ತರಲು ಭಾಷಾಂತರ ವಿಭಾಗವೊಂದನ್ನು ತೆರೆಯಲಾಯಿತು. ಭಾರತದ ವಿದ್ಯಾಚರಿತ್ರೆಯಲ್ಲಿ ಇದೊಂದು ಸಾಹಸವೆಂದು ಒಪ್ಪಬೇಕು. ಪರಭಾಷೆಯ ನೊಗದಿಂದ ವಿದ್ಯಾರ್ಥಿಯನ್ನು ಬಿಡಿಸುವುದು ಅದರ ಉದ್ದೇಶವಾಗಿತ್ತು.

ಆದರೆ ಶಹಾಪುರದ ಒಕ್ಕಲಿಗನ ಮಗನಿಗೆ ಉರ್ದುವೂ ಪರಭಾಷೆಯೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಮುಂದೆ ಇಂಗ್ಲಿಷು. ಕಾಲೇಜಿನ ಹೊಸ್ತಿಲನ್ನು ಮುಟ್ಟುವ ಮೊದಲೇ ಅವನು ಎರಡು ಭಾಷೆಗಳನ್ನು ಗೆಲ್ಲಬೇಕಾಗಿತ್ತು. ಹಾಗೆ ಗೆದ್ದವರೂ ಉಂಟು. ಇಂದಿನ ಕೊಪ್ಪಳ ಜಿಲ್ಲೆಯ ದ್ಯಾಂಪುರದಲ್ಲಿ 1918ರಲ್ಲಿ ಜನಿಸಿದ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿ, ಆಡಳಿತ ಸೇವೆಗೆ ಸೇರಿ, ಕನ್ನಡದ ಹೆಸರಾಂತ ಕವಿಗಳೂ ಆದರು. ಒಬ್ಬ ಪುರಾಣಿಕರು ದಾಟಿದ ಹೊಸ್ತಿಲಿನ ಹೊರಗೆ ಎಷ್ಟು ಮಂದಿ ಹಿಂದಿರುಗಿದರೋ ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಇಂತಹ ಸನ್ನಿವೇಶದಲ್ಲಿ 1907ರಲ್ಲಿ ಗುಲ್ಬರ್ಗದಲ್ಲಿ ಹುಟ್ಟಿದ ನೂತನ ವಿದ್ಯಾಲಯ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್‌ದರ್ದ್ ಶಾಲೆ ಮೊದಲಾದ ಖಾಸಗಿ ಸಂಸ್ಥೆಗಳು ಮಾಡಿದ ಉಪಕಾರ ದೊಡ್ಡದು. 1934ರಲ್ಲಿ ಗುಲ್ಬರ್ಗದ ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪನವರು ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿ ಹೆಣ್ಣುಮಕ್ಕಳಿಗೆಂದೇ ಶಾಲೆಯನ್ನು ತೆರೆದರು. ಅದೇ ಕಾಲದ ಕರಾವಳಿಯನ್ನು ನೆನೆದರೆ ಅಂತರ ತಿಳಿಯುತ್ತದೆ. ಮಂಗಳೂರಿನಲ್ಲಿ ಯೇಸುಸಭೆಯ ಗುರುಗಳ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿಯೇ ಆರಂಭವಾಗಿತ್ತು. ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜನ್ನು 1921ರಲ್ಲಿ ತೆರೆದಿದ್ದರು. ಅಲ್ಲಿ ಹುಡುಗಿಯರು ಕಾಲೇಜಿಗೆ ಹೋಗುತ್ತಿದ್ದಾಗ ಇಲ್ಲಿ ಅವರಿಗೆ ಅಕ್ಷರದ ಬಾಗಿಲು ತೆರೆಯುತ್ತಿತ್ತು.

ದೂರದ ಹೊಸ್ತಿಲು

ಗುಲ್ಬರ್ಗದಲ್ಲಿ ಇಂಟರ್‌ಮೀಡಿಯೆಟ್ ಕಾಲೇಜು ಬಂದ ಮೇಲೂ ಬಿ.ಎ. ಪದವಿಗೆ ಹೈದರಾಬಾದಿಗೇ ಹೋಗಬೇಕಾಗಿತ್ತು. ಮುಂಬಯಿ ಮದರಾಸು ರೈಲುಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಾಗ ಯಾದಗಿರಿಗೆ ರೈಲು ಬಂದಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ಕವಲು ಮಾರ್ಗವೂ ಆಯಿತು. ಆದರೆ ಶಹಾಪುರದಿಂದ ಯಾದಗಿರಿಗೆ ಮೂವತ್ತಕ್ಕೂ ಹೆಚ್ಚು ಕಿಲೋಮೀಟರು, ನಡುವೆ ಭೀಮಾನದಿ. ಚಕ್ಕಡಿಯಲ್ಲಿ ಹೊರಟು, ಹೊಳೆ ದಾಟಿ, ರೈಲು ಹತ್ತಿ, ವಾಡಿಯಲ್ಲಿ ಇಳಿದು ಬೇರೆ ರೈಲು ಹಿಡಿದು ತಲುಪುವ ಊರಿಗೆ ಮಗನನ್ನು ಕಳುಹಿಸಲು ಎದೆಗಾರಿಕೆ ಬೇಕಾಗಿತ್ತು. ಮಗಳ ಮಾತಂತೂ ಏಳುತ್ತಲೇ ಇರಲಿಲ್ಲ.

ಈ ಕಷ್ಟ ನಮ್ಮದು ಮಾತ್ರವೇ ಆಗಿರಲಿಲ್ಲ. ಧಾರವಾಡದಲ್ಲಿ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಗುವ ತನಕ ಮುಂಬಯಿ ಕರ್ನಾಟಕದ ವಿದ್ಯಾರ್ಥಿಗಳೂ ಪುಣೆಯ ದಾರಿ ಹಿಡಿಯಬೇಕಾಗಿತ್ತು.

ಪ್ರವೇಶವೆಂಬುದು ಎಷ್ಟು ಅಮೂಲ್ಯವಾದುದು, ಅದನ್ನು ಕಳೆದುಕೊಳ್ಳುವುದೆಂದರೆ ಏನು ಎಂಬುದನ್ನು 1938ರ ಘಟನೆಯೊಂದು ತೋರಿಸುತ್ತದೆ. ಆ ವರ್ಷದ ಕೊನೆಯಲ್ಲಿ ಉಸ್ಮಾನಿಯಾದ ವಿದ್ಯಾರ್ಥಿನಿಲಯದಲ್ಲಿ ಪ್ರಾರ್ಥನೆಯ ವೇಳೆ ವಂದೇ ಮಾತರಂ ಹಾಡಬಾರದೆಂದು ಅಧಿಕಾರಿಗಳು ಆಜ್ಞೆ ಮಾಡಿದರು. ವಿದ್ಯಾರ್ಥಿಗಳು ಒಪ್ಪಲಿಲ್ಲ, ಮುಷ್ಕರ ಹೂಡಿದರು. ಚಳವಳಿ ಗುಲ್ಬರ್ಗದ ಕಾಲೇಜೂ ಸೇರಿ ಸಂಸ್ಥಾನದ ಇತರ ವಿದ್ಯಾಲಯಗಳಿಗೆ ಹಬ್ಬಿತು. ನೂರಾರು ಮಂದಿಯನ್ನು ಕಾಲೇಜಿನಿಂದ ಹೊರಹಾಕಲಾಯಿತು. ಆಗ ಅವರಿಗೆ ಬಾಗಿಲು ತೆರೆದದ್ದು ನಾಗಪುರ ವಿಶ್ವವಿದ್ಯಾನಿಲಯ. ಅಲ್ಲಿನ ಕುಲಪತಿ ಟಿ.ಜೆ. ಕೇದಾರರು ಹೊರದೂಡಲ್ಪಟ್ಟ ವಿದ್ಯಾರ್ಥಿಗಳನ್ನು ಸೇರಿಸಿಕೊಂಡರು. ಹಾಗೆ ನಾಗಪುರದಲ್ಲಿ ಓದಿದವರಲ್ಲಿ ವಾರಂಗಲ್ಲಿನ ಕಡೆಯ ಒಬ್ಬ ತರುಣರೂ ಇದ್ದರು. ಅವರೇ ಮುಂದೆ 1991ರಲ್ಲಿ ಭಾರತದ ಪ್ರಧಾನಿಯಾದ ಪಿ.ವಿ. ನರಸಿಂಹರಾಯರು. ನಾಗಪುರದ ಬಾಗಿಲು ಅಂದು ಮುಚ್ಚಿದ್ದರೆ ಎಷ್ಟು ಬಾಳುಗಳು ಅರ್ಧದಾರಿಯಲ್ಲಿಯೇ ನಿಲ್ಲುತ್ತಿದ್ದವೋ ಹೇಳಲಾಗದು. ಒಬ್ಬ ಕುಲಪತಿಯ ಒಂದು ಸಹಿಗೆ ಅಷ್ಟು ಬೆಲೆಯುಂಟು.

ಅನ್ನದ ಹೊಸ್ತಿಲು

ಭಾಷೆಯನ್ನು ಕಲಿತು, ದೂರವನ್ನು ದಾಟಿ ಪಟ್ಟಣ ಸೇರಿದ ವಿದ್ಯಾರ್ಥಿಯನ್ನು ಎದುರುಗೊಳ್ಳುತ್ತಿದ್ದ ಮೂರನೆಯ ಪ್ರಶ್ನೆ: ಉಣ್ಣುವುದೆಲ್ಲಿ? ನಮ್ಮ ನಾಡಿನ ವಿದ್ಯಾರ್ಥಿ ಜೀವನದ ಚರಿತ್ರೆಯನ್ನು ಬರೆಯುವವರು ವಾರಾನ್ನದ ಅಧ್ಯಾಯವನ್ನು ಬಿಡುವಂತಿಲ್ಲ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆಗಳ ಎಲೆಯ ಮುಂದೆ ಕುಳಿತು ಓದಿದವರು ಕನ್ನಡ ನಾಡಿನ ನ್ಯಾಯಾಧೀಶರೂ ಪ್ರಾಧ್ಯಾಪಕರೂ ಆದರು. ಅದು ಕೊಡುವವರ ಔದಾರ್ಯ, ಪಡೆಯುವವರ ಸಂಕೋಚ ಎರಡನ್ನೂ ಬಲ್ಲ ಪದ್ಧತಿ. ಆದರೆ ಅದರ ಎಲೆ ಎಲ್ಲ ಜಾತಿಯ ಮಕ್ಕಳಿಗೂ ಹಾಸುತ್ತಿರಲಿಲ್ಲವೆಂಬುದನ್ನೂ ಮರೆಯಬಾರದು.

ಆ ಕೊರತೆಯನ್ನು ತುಂಬಿದವು ವಿದ್ಯಾರ್ಥಿನಿಲಯಗಳು. ಹೈದರಾಬಾದಿನಲ್ಲಿ ರೆಡ್ಡಿ ಹಾಸ್ಟೆಲಿನಂತಹ ಸಮುದಾಯದ ನಿಲಯಗಳು ಬಂದವು. ಧಾರವಾಡದಲ್ಲಿ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದ ನಿಲಯವನ್ನು ನಡೆಸಿದರು. ತುಮಕೂರಿನ ಸಿದ್ಧಗಂಗೆಯ ದಾಸೋಹವನ್ನು ಅರಿಯದ ಕನ್ನಡಿಗರಿಲ್ಲ. ಸ್ವಾತಂತ್ರ್ಯಾನಂತರ ಸಮಾಜ ಕಲ್ಯಾಣ ಇಲಾಖೆ ಹಾಗೂ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ತಾಲ್ಲೂಕು ಕೇಂದ್ರಗಳವರೆಗೂ ಬಂದವು. ಹಾವನೂರ ಆಯೋಗವು 1975ರಲ್ಲಿ ತನ್ನ ವರದಿಯನ್ನು ಒಪ್ಪಿಸಿದ ಬಳಿಕ ಕಾಲೇಜು ಪ್ರವೇಶದಲ್ಲಿ ಹಿಂದುಳಿದವರ ಪಾಲಿನ ಪ್ರಶ್ನೆಯನ್ನು ಯಾವ ಸರ್ಕಾರವೂ ಬದಿಗೆ ಸರಿಸುವಂತಿರಲಿಲ್ಲ.

ಹಾಸ್ಟೆಲು ಸಿಗದವರು ಕೋಣೆ ಹಿಡಿದರು. ಗುಲ್ಬರ್ಗ, ಧಾರವಾಡಗಳಲ್ಲಿ ಕೋಣೆ ಹಿಡಿದು ಓದಿದ ನಮ್ಮ ಕಡೆಯ ಹಿರಿಯರನ್ನು ಕೇಳಿರಿ, ಬುತ್ತಿಯ ಗಂಟಿನ ಕಥೆ ಹೇಳುತ್ತಾರೆ. ತಾಯಿ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ, ಬಟ್ಟೆಯ ಮೇಲೆ ಮಗನ ಹೆಸರು ಬರೆಸಿ, ಸರ್ಕಾರಿ ಬಸ್ಸಿನ ಕಂಡಕ್ಟರರ ವಶಕ್ಕೆ ಒಪ್ಪಿಸುತ್ತಿದ್ದಳು. ಮಗನು ಬಸ್ ನಿಲ್ದಾಣದಲ್ಲಿ ಕಾದು ನಿಂತು ಅದನ್ನು ಇಳಿಸಿಕೊಳ್ಳುತ್ತಿದ್ದನು. ಅಕ್ಷರ ಬಾರದ ತಾಯಂದಿರು ಪದವೀಧರರನ್ನು ಬೆಳೆಸಿದ ಬಗೆ ಇದು.

ಊರಿಗೆ ಬಂದ ಕಾಲೇಜು

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿದ ಮೇಲೆ ಉಸ್ಮಾನಿಯಾದಲ್ಲಿ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷು ಬಂದಿತು. 1956ರ ನವೆಂಬರ್ 1ರಂದು ಗುಲ್ಬರ್ಗ, ರಾಯಚೂರು, ಬೀದರ ಪ್ರದೇಶಗಳು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಇಲ್ಲಿನ ಕಾಲೇಜುಗಳು 1949ರಲ್ಲಿ ಸ್ಥಾಪಿತವಾಗಿದ್ದ ಕರ್ನಾಟಕ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಬಂದವು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ಮುಂದಾಳ್ತನದಲ್ಲಿ ಹೈದರಾಬಾದ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾನಿಲಯವೇ ಸ್ಥಾಪನೆಯಾಯಿತು. 2009ರ ಡಿಸೆಂಬರಿನಲ್ಲಿ ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಯಿತು. ಅನಂತರ ರಾಯಚೂರಿನಲ್ಲಿ ಹೊಸ ವಿಶ್ವವಿದ್ಯಾನಿಲಯವಾಗಿ ನಮ್ಮ ಜಿಲ್ಲೆಯ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು.

ವಿಶ್ವವಿದ್ಯಾನಿಲಯ ಹತ್ತಿರವಾದಂತೆ ಕಾಲೇಜೂ ಹತ್ತಿರವಾಯಿತು. ಸುರಪುರದಲ್ಲಿ ಶ್ರೀ ಪ್ರಭು ಕಲಾ, ವಿಜ್ಞಾನ ಮತ್ತು ಜೆ.ಎಂ. ಬೋಹ್ರಾ ವಾಣಿಜ್ಯ ಮಹಾವಿದ್ಯಾಲಯವಿದೆ. ಶಹಾಪುರದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ. ಕಲಾ ವಿಭಾಗದಲ್ಲಿ ಕ್ರಮೇಣ ಕನ್ನಡದಲ್ಲಿಯೇ ಪರೀಕ್ಷೆ ಬರೆಯುವ ಅವಕಾಶವೂ ದೊರೆಯಿತು. ಮೂರು ಹೊಸ್ತಿಲುಗಳನ್ನು ಒಟ್ಟಿಗೆ ತಗ್ಗಿಸಿದ ಕೀರ್ತಿ ಈ ಸಣ್ಣ ಕಾಲೇಜುಗಳಿಗೆ ಸಲ್ಲಬೇಕು. ಮನೆಯ ಭಾಷೆಯಲ್ಲಿ ಪಾಠ, ಬಸ್ಸಿನ ದೂರದಲ್ಲಿ ತರಗತಿ, ಸಂಜೆ ಮನೆಯಲ್ಲಿಯೇ ರೊಟ್ಟಿ. ಇದರ ಮೊದಲ ಫಲವನ್ನು ಉಂಡವರು ಹೆಣ್ಣುಮಕ್ಕಳು. ಪರಸ್ಥಳಕ್ಕೆ ಮಗನನ್ನು ಕಳುಹಿಸಿ ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತಿದ್ದ ತಂದೆಯು ತಾಲ್ಲೂಕಿನ ಕಾಲೇಜಿಗೆ ಮಗಳನ್ನೂ ಕಳುಹಿಸಿದನು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣವು ಆ ದಾರಿಯನ್ನು ಇನ್ನಷ್ಟು ಸುಗಮಗೊಳಿಸಿತು.

ಸಣ್ಣ ಊರಿನ ಕಲಾ ಕಾಲೇಜನ್ನು ಕೆಲವರು ಹಗುರವಾಗಿ ಕಾಣುತ್ತಾರೆ. ಬೇರೆಲ್ಲಿಯೂ ಸೀಟು ಸಿಗದವರ ಆಶ್ರಯವೆಂದು ಹೇಳುವವರೂ ಇದ್ದಾರೆ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಕನ್ನಡಗಳನ್ನು ಓದಿ ಏನು ಪ್ರಯೋಜನವೆಂದು ಕೇಳುತ್ತಾರೆ. ಇದಕ್ಕೆ ಉತ್ತರವನ್ನು ಕಾರ್ಡಿನಲ್ ನ್ಯೂಮನ್ನರಲ್ಲಿ ಕಾಣಬಹುದು. 1852ರಲ್ಲಿ ಡಬ್ಲಿನ್ನಿನಲ್ಲಿ ವಿಶ್ವವಿದ್ಯಾನಿಲಯದ ಸ್ವರೂಪವನ್ನು ಕುರಿತು ಉಪನ್ಯಾಸ ಮಾಡುತ್ತ ಅವರು, ಪರೀಕ್ಷೆ ಮಾತ್ರ ನಡೆಸಿ ಪದವಿ ಕೊಡುವ ಸಂಸ್ಥೆಗಿಂತ ತರುಣರನ್ನು ಒಂದೆಡೆ ಕೂಡಿಸಿ ಬಾಳಿಸುವ ಸಂಸ್ಥೆಯೇ ಮೇಲೆಂದು ವಾದಿಸಿದರು. ವಿದ್ಯಾರ್ಥಿಗಳು ಪರಸ್ಪರರಿಂದ ಕಲಿಯುತ್ತಾರೆಂಬುದು ಅವರ ನಂಬಿಕೆ. ನಾಯಕರ ಹುಡುಗ, ಲಿಂಗಾಯತರ ಹುಡುಗಿ, ಮುಸಲ್ಮಾನರ ಹುಡುಗ, ದಲಿತ ಕೇರಿಯ ಹುಡುಗಿ, ಕ್ರೈಸ್ತರ ಹುಡುಗ ಒಂದೇ ಬೆಂಚಿನ ಸಾಲಿನಲ್ಲಿ ಕುಳಿತುಕೊಳ್ಳುವ ಎಡೆ ನಮ್ಮ ಊರುಗಳಲ್ಲಿ ಎಷ್ಟಿವೆ? ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರದಲ್ಲಿ ಅವರು ಒಟ್ಟಿಗೆ ಚರಂಡಿ ತೆಗೆದು, ಒಟ್ಟಿಗೆ ಅಡಿಗೆ ಮಾಡಿ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ವಾರಾನ್ನದ ಕಾಲದಲ್ಲಿ ಆಗದ ಕೆಲಸ ಅಲ್ಲಿ ಆಗುತ್ತದೆ.

ಸೀಟಿನ ನ್ಯಾಯ

2002ರಲ್ಲಿ ಡಾ. ನಂಜುಂಡಪ್ಪ ಸಮಿತಿಯು ಪ್ರಾದೇಶಿಕ ಅಸಮತೋಲನವನ್ನು ಅಳೆದಾಗ ಶಹಾಪುರ, ಸುರಪುರ, ಯಾದಗಿರಿ ಮೂರೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75ನ್ನು ದಾಟಿದ್ದಾಗ ಯಾದಗಿರಿ ಜಿಲ್ಲೆಯದು ಶೇಕಡಾ 52ರ ಸಮೀಪದಲ್ಲಿ, ರಾಜ್ಯದಲ್ಲಿಯೇ ಕೊನೆಯದಾಗಿ ನಿಂತಿತು. ಹೆಣ್ಣುಮಕ್ಕಳದು ಶೇಕಡಾ 41ರ ಆಸುಪಾಸು. ಇಂತಹ ನೆಲದ ವಿದ್ಯಾರ್ಥಿಯನ್ನು ಬೆಂಗಳೂರಿನ ವಿದ್ಯಾರ್ಥಿಯೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ?

ಒಂದು ಕಾಲಕ್ಕೆ ನಮ್ಮೊಡನೆ ಒಂದೇ ಸಂಸ್ಥಾನದಲ್ಲಿದ್ದ ತೆಲುಗು ನಾಡಿಗೆ ಸಂವಿಧಾನದ 371(ಡಿ) ವಿಧಿಯ ರಕ್ಷಣೆ 1973ರ ತಿದ್ದುಪಡಿಯಿಂದ ದೊರೆತಿತ್ತು. ವೈಜನಾಥ ಪಾಟೀಲರೇ ಮೊದಲಾದವರ ದೀರ್ಘ ಹೋರಾಟದ ಫಲವಾಗಿ ನಮಗೆ 371(ಜೆ) ವಿಧಿ ಬರಲು 2012ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. 2013ರ ಪ್ರವೇಶ ನಿಯಮಗಳಂತೆ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲಾದವು, ಪ್ರದೇಶದ ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8ರಷ್ಟು ದೊರೆತವು. ಸುರಪುರದ ನಾಯಕ ಸಮುದಾಯದ ಮಕ್ಕಳಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯೆಂದರೆ, 1991ರಲ್ಲಿ ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದುದು. 2022ರಲ್ಲಿ ರಾಜ್ಯವು ಆ ಪಂಗಡಗಳ ಮೀಸಲಾತಿಯನ್ನು ಶೇಕಡಾ 3ರಿಂದ 7ಕ್ಕೆ ಏರಿಸಿತು. ಗುರುಮನೆಗೆ ಬರುವ ಮಕ್ಕಳ ಕಟ್ಟಿನಲ್ಲಿರುವ ಒಂದೊಂದು ಪ್ರಮಾಣಪತ್ರದ ಹಿಂದೆಯೂ ಹೀಗೆ ಹಲವು ವರ್ಷಗಳ ಹೋರಾಟವಿದೆ. ಅದನ್ನು ಅವರಿಗೆ ತಿಳಿಸಿ ಹೇಳುವುದು ಹಿರಿಯರ ಕರ್ತವ್ಯ.

ಒಳಗಿನ ಹೊಸ್ತಿಲು

ಇನ್ನು ನಾಲ್ಕನೆಯ ಹೊಸ್ತಿಲಿನ ಮಾತು. ಅದು ಬಾಗಿಲಿನ ಹೊರಗಿಲ್ಲ, ಒಳಗಿದೆ. ಇದನ್ನು ನಾನು ಗ್ರಂಥಗಳಿಂದ ಕಲಿಯಲಿಲ್ಲ, ನನ್ನ ತಪ್ಪಿನಿಂದ ಕಲಿತೆ.

ಕೆಲವು ವರ್ಷಗಳ ಹಿಂದೆ ಹತ್ತಿರದ ಹಳ್ಳಿಯ ಹುಡುಗಿಯೊಬ್ಬಳು ಬಿ.ಎ. ತರಗತಿಗೆ ಸೇರಿದಳು. ಅವಳ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿಗಳು. ಅರ್ಜಿ ತುಂಬಲು ನೆರವಾದವನು ನಾನು. ಸೀಟು ಸಿಕ್ಕಿತೆಂದು ಅವಳ ತಾಯಿ ಸಕ್ಕರೆ ತಂದು ಕೊಟ್ಟಾಗ ನನ್ನ ಕೆಲಸ ಮುಗಿಯಿತೆಂದು ಭಾವಿಸಿದೆ. ಜನವರಿಯಲ್ಲಿ ಆ ಹಳ್ಳಿಗೆ ಹೋದಾಗ ಅವಳು ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು. ಅಂದು ಕಾಲೇಜಿಗೆ ರಜೆಯಿರಬಹುದೆಂದುಕೊಂಡು ವಿಚಾರಿಸಿದೆ. “ಬಿಟ್ಟು ಮೂರು ತಿಂಗಳಾತ್ರಿ ಫಾದರ್” ಎಂದಳು. ಇಂಗ್ಲಿಷ್ ಪಾಠ ತಿಳಿಯಲಿಲ್ಲ, ಕೇಳಲು ನಾಚಿಕೆಯಾಯಿತು, ಹತ್ತಿಯ ಕಾಲ ಬಂದಾಗ ಮನೆಯವರು ಕರೆದರು, ಹಾಜರಿ ಕಡಿಮೆಯಾಯಿತು. ಇಷ್ಟೇ ಕಾರಣ. ಅವಳಿಗೆ ಬಾಗಿಲು ಮುಚ್ಚಿದವರು ಯಾರೂ ಇಲ್ಲ. ಜೂನ್ ತಿಂಗಳಿನಿಂದ ಜನವರಿಯವರೆಗೆ ನಾನು ಒಂದು ಸಲವೂ ಅವಳನ್ನು ಕೇಳಿರಲಿಲ್ಲ. ಆ ಹೊಲದ ಬದುವಿನ ಮೇಲೆ ನಿಂತಿದ್ದಾಗ ನನಗೆ ಆದ ನಾಚಿಕೆ ಇಂದಿಗೂ ಹೋಗಿಲ್ಲ.

ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟಾಗಿ ಬಸವಸಾಗರದ ಕಾಲುವೆಯ ನೀರು ಬಂದ ಮೇಲೆ ನಮ್ಮ ಸೀಮೆಯ ಕೆಲವು ಹಳ್ಳಿಗಳು ಭತ್ತ ಬೆಳೆದು ಚೇತರಿಸಿಕೊಂಡವು. ಒಣಭೂಮಿಯ ಹಳ್ಳಿಗಳಿಂದ ಇಂದಿಗೂ ಕುಟುಂಬಗಳು ಬೆಂಗಳೂರು, ಮುಂಬಯಿಗಳಿಗೆ ಗುಳೆ ಹೋಗುತ್ತವೆ. ಕಾಲೇಜಿನ ದಾಖಲೆ ಪುಸ್ತಕದಲ್ಲಿ ಹೆಸರು ಉಳಿಯುತ್ತದೆ, ವಿದ್ಯಾರ್ಥಿ ಉಳಿಯುವುದಿಲ್ಲ. ಅರ್ಜಿಯೆಲ್ಲ ಗಣಕಯಂತ್ರದ ಮೂಲಕವೇ ಆಗಿರುವ ಈಗ ನೆಟ್ ಸೆಂಟರಿನವರು ಒಂದು ಗಳಿಗೆಯಲ್ಲಿ ಸೀಟು ಹಿಡಿದು ಕೊಡುತ್ತಾರೆ. 2021ರಲ್ಲಿ ಬಂದ ನಾಲ್ಕು ವರ್ಷಗಳ ಪದವಿಯ ಪದ್ಧತಿ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿದಾಗ ಹಳ್ಳಿಯ ಮಕ್ಕಳಿಗೆ ಗೊಂದಲ ಬಿಡಿಸಿ ಹೇಳುವವರು ಬೇಕಾಗಿದ್ದರು. ಮೊದಲ ಪರೀಕ್ಷೆಯಲ್ಲಿ ಎಡವಿದವನ ಪಕ್ಕದಲ್ಲಿ ಕುಳಿತುಕೊಳ್ಳಲು ಯಂತ್ರಕ್ಕೆ ಬಾರದು.

ಹಿಂದಿನವರು ತಮ್ಮ ಕಾಲದ ಹೊಸ್ತಿಲುಗಳನ್ನು ತಗ್ಗಿಸಿದರು. ಒಬ್ಬರು ಕನ್ನಡ ಶಾಲೆ ತೆರೆದರು, ಒಬ್ಬರು ಹೊರದೂಡಲ್ಪಟ್ಟವರನ್ನು ಸೇರಿಸಿಕೊಂಡರು, ಒಬ್ಬರು ಎಲೆ ಹಾಕಿ ಬಡಿಸಿದರು, ಹೆಸರಿಲ್ಲದ ತಾಯಂದಿರು ಬುತ್ತಿ ಕಟ್ಟಿದರು. ನಮ್ಮ ಪಾಲಿನ ಕೆಲಸ ಅವುಗಳಿಗಿಂತ ಸುಲಭವಾದದ್ದು. ಓದು ಬಲ್ಲವರು ಮನೆಯ ಪಡಸಾಲೆಯಲ್ಲಿ ವಾರಕ್ಕೊಂದು ಸಂಜೆ ಇಬ್ಬರು ಮಕ್ಕಳಿಗೆ ಇಂಗ್ಲಿಷ್ ಪಾಠ ಬಿಡಿಸಿ ಹೇಳಬಹುದು. ಅನುಕೂಲವುಳ್ಳವರು ಹತ್ತಿಯ ತಿಂಗಳುಗಳಲ್ಲಿ ಒಂದು ಕುಟುಂಬದ ಕೂಲಿಯ ನಷ್ಟವನ್ನು ಭರಿಸಿ ಒಬ್ಬ ವಿದ್ಯಾರ್ಥಿನಿಯನ್ನು ತರಗತಿಯಲ್ಲಿ ಉಳಿಸಬಹುದು. ಇದಕ್ಕೆ ಸಂಘ ಬೇಡ, ಕಟ್ಟಡ ಬೇಡ, ಕಾಣಿಕೆ ಪೆಟ್ಟಿಗೆಯೂ ಬೇಡ.

ಆ ಹುಡುಗಿ ಮರುವರ್ಷ ಮತ್ತೆ ಸೇರಿದಳು. ಈ ಸಲ ತಿಂಗಳಿಗೊಮ್ಮೆ ನಾನು ಆ ಹಳ್ಳಿಗೆ ಹೋದೆ. ಅವಳು ಪದವಿ ಮುಗಿಸಿದಳು. ಜೂನ್‌ನಲ್ಲಿ “ಸೀಟು ಸಿಕ್ಕಿತೇ?” ಎಂದು ಕೇಳುವ ವಾಚಕರೆಲ್ಲರೂ ಜನವರಿಯಲ್ಲಿ ಅದೇ ಮನೆಯ ಬಾಗಿಲಿಗೆ ಹೋಗಿ “ಕಾಲೇಜಿಗೆ ಹೋಗುತ್ತಿರುವೆಯಾ ಮಗೂ?” ಎಂದು ಇನ್ನೊಮ್ಮೆ ಕೇಳಬೇಕೆಂದು ಬಿನ್ನವಿಸಿಕೊಂಡು 이 ಲೇಖನವನ್ನು ಮುಗಿಸುತ್ತೇನೆ.